ಕೇಳುವ ಹಕ್ಕು, ಕೇಳಿಸಿಕೊಳ್ಳುವ ಹೊಣೆ: ಸಂಸತ್ತಿನ ಕನ್ನಡ ಮತ್ತು ಕಂಬಂ ಕನ್ನಡ

1

ಕನ್ನಡದ ‘ಕೇಳು’ ಎಂಬ ಕ್ರಿಯಾಪದ ಮೂರು ಅರ್ಥಗಳನ್ನು ಹೊತ್ತಿದೆ. ಪ್ರಶ್ನಿಸುವುದು ಮೊದಲನೆಯದು; ಕಿವಿಗೊಡುವುದು ಎರಡನೆಯದು; ‘ದೊಡ್ಡವರ ಮಾತು ಕೇಳು’ ಎಂಬಲ್ಲಿ ಬರುವ ವಿಧೇಯತೆ ಮೂರನೆಯದು. ತಮಿಳಿನ ‘ಕೇಳ್’ ಧಾತುವಿನಲ್ಲಿಯೂ ಈ ಮೂರು ಅರ್ಥಗಳಿವೆ. ಆದ್ದರಿಂದ ಮನೆಯಲ್ಲಿ ಕನ್ನಡ, ಅಂಗಡಿಬೀದಿಯಲ್ಲಿ ತಮಿಳು ಆಡುವ ಕಂಬಂ ಕಣಿವೆಯ ದ್ವಿಭಾಷಿಕನಿಗೆ ಯಾವ ಭಾಷೆಗೆ ಹೊರಳಿದರೂ ಪ್ರಶ್ನೆ, ಆಲಿಕೆ, ವಿಧೇಯತೆಗಳು ಒಂದೇ ಪದದೊಳಗೆ ಕೂತಿರುತ್ತವೆ. ಯಾವ ಅರ್ಥ ಮುಂದೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಮಾತನಾಡುವವನು ಮತ್ತು ಎದುರಿಗಿರುವವನ ನಡುವಿನ ಅಧಿಕಾರ ಸಂಬಂಧ. ಪ್ರಜೆ ಸರ್ಕಾರವನ್ನು ಕೇಳುತ್ತಾನೆ ಎಂದರೆ ಪ್ರಶ್ನೆ. ಪ್ರಜೆ ಸರ್ಕಾರದ ಮಾತು ಕೇಳುತ್ತಾನೆ ಎಂದರೆ ವಿಧೇಯತೆ. ಸರ್ಕಾರ ಪ್ರಜೆಯ ಮಾತು ಕೇಳುತ್ತದೆ ಎಂದರೆ ಪ್ರಜಾಪ್ರಭುತ್ವ.

ಸಂಸದೀಯ ವ್ಯವಸ್ಥೆಯಲ್ಲಿ ಈ ಮೂರನೆಯ ವಾಕ್ಯವನ್ನು ನಿಜಗೊಳಿಸಬೇಕಾದ ಸ್ಥಾನ ವಿರೋಧ ಪಕ್ಷದ್ದು. ವಿರೋಧ ಪಕ್ಷದ ಸದಸ್ಯನ ಮಾತು ಸದನದಲ್ಲಿ ಮಾಹಿತಿಯ ಕೋರಿಕೆಯಷ್ಟೇ ಆಗಿರುವುದಿಲ್ಲ. ಕೇಳಿಸಿಕೊಳ್ಳಲು ಇಷ್ಟವಿಲ್ಲದವರನ್ನು ಕೇಳಿಸಿಕೊಳ್ಳುವ ಸ್ಥಿತಿಗೆ ತರುವುದು ಅದರ ಕೆಲಸ. ಹಾಗಿರುವಾಗ ಆ ಪ್ರಶ್ನೆ ಯಾವ ಭಾಷೆಯಲ್ಲಿರಬೇಕು? ಕೇಳುವವನ ತಾಯ್ನುಡಿಯಲ್ಲಿಯೇ, ಉತ್ತರಿಸಬೇಕಾದವನಿಗೆ ತಿಳಿಯುವ ಭಾಷೆಯಲ್ಲಿಯೇ? ಕನ್ನಡದ ಸಾರ್ವಜನಿಕ ಚಿಂತನೆ ಈ ಪ್ರಶ್ನೆಯನ್ನು ಬಹಳ ಕಾಲದಿಂದ ಭಾಷೆಯ ಗೌರವದ ಪ್ರಶ್ನೆಯನ್ನಾಗಿ ನೋಡಿದೆ. ಉತ್ತರದ ಹೊಣೆಯ ಪ್ರಶ್ನೆಯನ್ನಾಗಿ ನೋಡಿದ್ದು ಕಡಿಮೆ. ಈ ವ್ಯತ್ಯಾಸ ಕರ್ನಾಟಕದೊಳಗೆ ಸುಲಭವಾಗಿ ಮರೆಯಾಗುತ್ತದೆ. ಕನ್ನಡವು ಯಾವ ಸದನದ ಭಾಷೆಯೂ ಅಲ್ಲದ ಕಂಬಂನಂತಹ ಕಡೆಯಿಂದ ನೋಡಿದಾಗ ಅದು ಸ್ಪಷ್ಟವಾಗುತ್ತದೆ. ಈ ಲೇಖನ ಮೊದಲು ಸಂಸತ್ತಿನ ಎರಡು ಪ್ರಸಂಗಗಳನ್ನೂ ಒಂದು ಕಾದಂಬರಿಯನ್ನೂ ಪರಿಶೀಲಿಸಿ, ಬಳಿಕ ಕಣಿವೆಗೆ ಮರಳುತ್ತದೆ.

2

1967ರ ಚುನಾವಣೆಯಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಸಂಯುಕ್ತ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರು. ಆಗ ಸಭಾಧ್ಯಕ್ಷರಾಗಿದ್ದವರು ತೆಲುಗು ನಾಡಿನ ನೀಲಂ ಸಂಜೀವ ರೆಡ್ಡಿ. ಅವರು ಪಟೇಲರಿಗೆ ಅವಕಾಶ ನೀಡಿದರು. ಪಟೇಲರು ವಿರೋಧ ಪಕ್ಷದ ನಾಯಕರಾಗಿರಲಿಲ್ಲ. ಆ ಲೋಕಸಭೆಯಲ್ಲಿ ಕಾಂಗ್ರೆಸ್ಸಿಗೆ 283 ಸ್ಥಾನಗಳಿದ್ದರೆ ಅವರ ಪಕ್ಷಕ್ಕಿದ್ದದ್ದು 23. ಅಧಿಕೃತ ಮಾನ್ಯತೆಯುಳ್ಳ ವಿರೋಧ ಪಕ್ಷದ ನಾಯಕ ಲೋಕಸಭೆಗೆ ದೊರೆತದ್ದೇ 1969ರಲ್ಲಿ, ಕಾಂಗ್ರೆಸ್ ಒಡೆದ ಬಳಿಕ, ರಾಮ್ ಸುಭಗ್ ಸಿಂಗ್ ಅವರ ರೂಪದಲ್ಲಿ. ಆದರೂ ಕನ್ನಡಿಗರ ನೆನಪಿನಲ್ಲಿ ಸಂಸತ್ತು ಮತ್ತು ಪ್ರತಿರೋಧ ಎಂಬ ಪದಗಳು ಕೂಡಿಬಂದಾಗ ಮೊದಲು ಮೂಡುವ ಚಿತ್ರ ಪಟೇಲರದೇ.

ಈ ನೆನಪಿನ ಸ್ವರೂಪ ಗಮನಿಸತಕ್ಕದ್ದು. ಸಂಸ್ಮರಣ ಲೇಖನಗಳಲ್ಲಿ, ರಾಜ್ಯೋತ್ಸವದ ಭಾಷಣಗಳಲ್ಲಿ ಪ್ರತಿವರ್ಷ ಮರುಕಳಿಸುವ ವಾಕ್ಯ ‘ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು’ ಎಂಬುದು. ಅವರು ಏನು ಮಾತನಾಡಿದರು, ಯಾವ ಸಚಿವರನ್ನು ಏನು ಕೇಳಿದರು, ಉತ್ತರ ಬಂತೇ ಎಂಬುದು ಆ ವಾಕ್ಯದ ಭಾಗವಾಗುವುದಿಲ್ಲ. ಭಾಷೆ ಉಳಿದಿದೆ, ಪ್ರಶ್ನೆ ಕಳೆದಿದೆ. ಸರ್ಕಾರವನ್ನು ಪ್ರಶ್ನಿಸಲೆಂದು ಸದನಕ್ಕೆ ಹೋದ ಸಮಾಜವಾದಿಯೊಬ್ಬ ಸ್ಮರಣೆಯಲ್ಲಿ ಕನ್ನಡಾಂಬೆಯ ಭಕ್ತನಾಗಿ ಮಾರ್ಪಟ್ಟಿದ್ದಾನೆ. ಇದರಿಂದ ಪಟೇಲರಿಗೂ ನಷ್ಟ, ಕನ್ನಡಕ್ಕೂ ನಷ್ಟ.

ಪಟೇಲರ ನಡೆಯ ನಿಜವಾದ ಹರಿತವನ್ನು ಅರಿಯಲು ಸಂವಿಧಾನದ 120ನೆಯ ವಿಧಿಯನ್ನು ಎಚ್ಚರದಿಂದ ಓದಬೇಕು. ಸಂಸತ್ತಿನ ವ್ಯವಹಾರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು ಎಂದು ಅದು ಹೇಳುತ್ತದೆ. ಅದಕ್ಕೊಂದು ವಿನಾಯಿತಿ ಇದೆ: ಈ ಎರಡು ಭಾಷೆಗಳಲ್ಲಿ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ವ್ಯಕ್ತಪಡಿಸಲಾರದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದು. ರಾಜ್ಯಗಳ ಶಾಸನಸಭೆಗಳ ಮಟ್ಟಿಗೆ 210ನೆಯ ವಿಧಿಯಲ್ಲಿ ಇದೇ ಏರ್ಪಾಡಿದೆ. ಇಲ್ಲಿ ತಾಯ್ನುಡಿ ಹಕ್ಕಿನ ರೂಪದಲ್ಲಿ ಬರದೆ ಅಸಾಮರ್ಥ್ಯಕ್ಕೆ ತೋರುವ ಕರುಣೆಯ ರೂಪದಲ್ಲಿ ಬರುತ್ತದೆ. ಪಟೇಲರು ಕಾನೂನು ಪದವೀಧರರು. ಇಂಗ್ಲಿಷ್ ಬಾರದೆ ಕನ್ನಡಕ್ಕೆ ಶರಣಾದವರಲ್ಲ. ಅಂದರೆ ಸಂವಿಧಾನ ಯಾರಿಗಾಗಿ ಆ ಬಾಗಿಲನ್ನು ಅರೆ ತೆರೆದಿತ್ತೋ ಆ ವರ್ಗಕ್ಕೆ ಅವರು ಸೇರಿದವರಾಗಿರಲಿಲ್ಲ. ಅಸಮರ್ಥನಿಗೆ ಮೀಸಲಾದ ಬಾಗಿಲಿನಿಂದ ಸಮರ್ಥನೊಬ್ಬ ಬೇಕೆಂದೇ ಒಳಹೊಕ್ಕ. ‘ನನಗೆ ನಿಮ್ಮ ಭಾಷೆ ಬರುವುದಿಲ್ಲ’ ಎಂಬ ವಿನಂತಿಯ ಜಾಗದಲ್ಲಿ ‘ನಿಮಗೆ ನನ್ನ ಭಾಷೆ ಬರುವುದಿಲ್ಲವೇಕೆ’ ಎಂಬ ಪ್ರಶ್ನೆ ನಿಂತಿತು. ಪಟೇಲರ ಕನ್ನಡ ವಿರೋಧ ಪಕ್ಷದ ಮಾತಾಗುವುದು ಈ ಅರ್ಥದಲ್ಲಿ.

ಆದರೆ ಅವರು ಪಡೆದದ್ದು ಮಾತನಾಡುವ ಅನುಮತಿ. ಕೇಳಿಸಿಕೊಳ್ಳುವ ಹೊಣೆಯನ್ನು ಆ ಅನುಮತಿ ಯಾರ ಮೇಲೂ ಹೊರಿಸಲಿಲ್ಲ. ಹಿಂದಿ ಮತ್ತು ಇಂಗ್ಲಿಷ್ ನಡುವಿನ ತತ್‌ಕ್ಷಣದ ಭಾಷಾಂತರ ಲೋಕಸಭೆಯಲ್ಲಿ 1964ರಲ್ಲಿಯೇ ಆರಂಭವಾಗಿತ್ತು. ರಾಜ್ಯಸಭೆಯಲ್ಲಿ ಎಂಟನೆಯ ಅನುಸೂಚಿಯ ಎಲ್ಲ 22 ಭಾಷೆಗಳಿಗೆ ಅಂತಹ ಸೌಲಭ್ಯ ಘೋಷಣೆಯಾದದ್ದು 2018ರಲ್ಲಿ. ಈ ನಡುವಣ ಅರ್ಧ ಶತಮಾನವೇ ಅನುಮತಿಗೂ ಆಲಿಕೆಗೂ ಇರುವ ಅಂತರದ ಅಳತೆ. ಮುದ್ರಿತ ಸಂಸದೀಯ ಕಲಾಪಗಳಲ್ಲಿ ಪ್ರಾದೇಶಿಕ ಭಾಷೆಯ ಭಾಷಣಗಳು ಅನುವಾದದ ರೂಪದಲ್ಲಿ, ಮೂಲಭಾಷೆಯನ್ನು ಸೂಚಿಸುವ ನಕ್ಷತ್ರಚಿಹ್ನೆಯೊಂದಿಗೆ ಕಾಣಿಸಿಕೊಳ್ಳುತ್ತವೆ. ನುಡಿದದ್ದು ಒಂದು ಭಾಷೆ, ಉಳಿದದ್ದು ಇನ್ನೊಂದು. ಕನ್ನಡದ ಸಂಸದೀಯ ಗದ್ಯವನ್ನು ಅಧ್ಯಯನ ಮಾಡಬಯಸುವವನಿಗೆ ಅಡಿಟಿಪ್ಪಣಿಯ ನಕ್ಷತ್ರವೇ ದಾರಿದೀಪ.

3

ಪಟೇಲರ ಹಿಂದೆ ರಾಮಮನೋಹರ ಲೋಹಿಯಾ ಅವರ ಭಾಷಾನೀತಿ ಇತ್ತು. ಇಂಗ್ಲಿಷನ್ನು ಅಧಿಕಾರದ ಸ್ಥಾನದಿಂದ ಇಳಿಸಬೇಕು, ಜನಭಾಷೆಗಳಲ್ಲಿ ಆಡಳಿತ ನಡೆಯಬೇಕು ಎಂಬುದು ಅದರ ತಿರುಳು. ಲೋಹಿಯಾ ಅವರ ಸಂಸದೀಯ ಪ್ರಶ್ನೆಯ ಶ್ರೇಷ್ಠ ಉದಾಹರಣೆ 1963ರ ಆಗಸ್ಟ್ ತಿಂಗಳದ್ದು. ನೆಹರೂ ಸರ್ಕಾರದ ಮೇಲೆ ಆಚಾರ್ಯ ಕೃಪಲಾನಿ ಮಂಡಿಸಿದ ಮೊದಲ ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ, ದೇಶದ ಬಹುಸಂಖ್ಯಾತರು ದಿನಕ್ಕೆ 3 ಆಣೆಯಲ್ಲಿ ಬದುಕುತ್ತಿರುವಾಗ ಪ್ರಧಾನಿಗಾಗಿ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಎಂದು ಅವರು ಆಪಾದಿಸಿದರು. ಆದಾಯ 3 ಆಣೆಯಲ್ಲ, 15 ಆಣೆ ಎಂಬುದು ಸರ್ಕಾರದ ವಾದವಾಗಿತ್ತು. ಲೋಹಿಯಾ ಲೆಕ್ಕದ ವಿವರಕ್ಕಿಳಿದರು. ಅಂಕಿಯ ಖಚಿತತೆಯ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಎಷ್ಟೇ ಭಿನ್ನಾಭಿಪ್ರಾಯವಿರಲಿ, ಸರ್ಕಾರ ಬಡತನವನ್ನು ಆಣೆಗಳಲ್ಲಿ ಎಣಿಸಿ ಉತ್ತರಿಸಬೇಕಾಯಿತು. ಪ್ರಶ್ನೆಯೊಂದು ಯಶಸ್ವಿಯಾಯಿತು ಎನ್ನುವುದು ಇಂತಹ ಸಂದರ್ಭದಲ್ಲಿಯೇ. ಉತ್ತರಿಸುವವನು ಕೇಳಿದವನ ಅಳತೆಗೋಲನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ.

ಇದು ಹಿಂದಿಯಲ್ಲಿ ನಡೆಯಿತು ಎಂಬುದನ್ನು ಮರೆಯಲಾಗದು. ಲೋಹಿಯಾ ಜನಭಾಷೆಯಲ್ಲಿ ಮಾತನಾಡಿದರು. ಅವರ ಅದೃಷ್ಟಕ್ಕೆ ಅವರ ಜನಭಾಷೆ ಸದನದ ಭಾಷೆಯೂ ಆಗಿತ್ತು. ಅದೇ ತತ್ತ್ವವನ್ನು ಶಿವಮೊಗ್ಗದಿಂದ ಹೋದವನು ಪಾಲಿಸಿದಾಗ ಜನಭಾಷೆ ಉಳಿಯಿತು, ಸದನ ಕೈತಪ್ಪಿತು. ಇನ್ನೂ ದಕ್ಷಿಣಕ್ಕೆ ಬಂದರೆ ಅದೇ ತತ್ತ್ವದ ಮುಖ ಬೇರೆಯೇ ಆಗುತ್ತದೆ. 1965ರ ಜನವರಿ 25ರಂದು ಹಿಂದಿ ವಿರೋಧಿ ಚಳವಳಿ ಹಿಂಸಾರೂಪ ತಾಳಿದ್ದು ಮದುರೆಯಲ್ಲಿ. ಕಂಬಂ ಆಗ ಮದುರೆ ಜಿಲ್ಲೆಯ ಊರು. ಉತ್ತರದ ಸಮಾಜವಾದಿಗೆ ಇಂಗ್ಲಿಷ್ ದಮನದ ಭಾಷೆಯಾಗಿ ಕಂಡರೆ ಮದುರೆಯ ವಿದ್ಯಾರ್ಥಿಗೆ ಅದು ಹಿಂದಿಯ ವಿರುದ್ಧದ ಗುರಾಣಿಯಾಗಿ ಕಂಡಿತು. ಜನಭಾಷೆಯ ಸಿದ್ಧಾಂತ ತಾನು ಯಾರ ಕಿವಿಯನ್ನು ಕಲ್ಪಿಸಿಕೊಂಡಿದ್ದೇನೆ ಎಂಬುದನ್ನು ಪರೀಕ್ಷಿಸಿಕೊಳ್ಳದಿದ್ದರೆ ಅದೇ ಇನ್ನೊಬ್ಬರ ಮೇಲಿನ ಹೇರಿಕೆಯಾಗಿ ಕೇಳಿಸುತ್ತದೆ.

ಪಟೇಲರ ಪ್ರಸಂಗದ ಎದುರಿಗೆ ಇಡಬೇಕಾದ ಎರಡನೆಯ ಕನ್ನಡಿಗ ಮಲ್ಲಿಕಾರ್ಜುನ ಖರ್ಗೆ. 2014ರಲ್ಲಿ ಅವರು ಲೋಕಸಭೆಯ ಕಾಂಗ್ರೆಸ್ ನಾಯಕರಾದಾಗ ಪಕ್ಷಕ್ಕಿದ್ದದ್ದು 44 ಸ್ಥಾನ. ಸದನದ ಹತ್ತನೆಯ ಒಂದು ಭಾಗವಿಲ್ಲವೆಂಬ ಕಾರಣಕ್ಕೆ ವಿರೋಧ ಪಕ್ಷದ ನಾಯಕನೆಂಬ ಮಾನ್ಯತೆ ದೊರೆಯಲಿಲ್ಲ. 2021ರ ಫೆಬ್ರವರಿಯಲ್ಲಿ ಅವರು ರಾಜ್ಯಸಭೆಯಲ್ಲಿ ಆ ಸ್ಥಾನಕ್ಕೆ ಬಂದರು. ಖರ್ಗೆ ಅವರ ಸದನದ ಮಾತು ಹೆಚ್ಚಾಗಿ ಹಿಂದಿಯಲ್ಲಿರುತ್ತದೆ. ನಿಜಾಮರ ಕಾಲದಿಂದ ಉರ್ದುವಿನೊಂದಿಗೆ ಬೆರೆತುಕೊಂಡ ಕಲಬುರಗಿ ಸೀಮೆಯ ಬಹುಭಾಷಿಕತೆ ಅದಕ್ಕೆ ಬೆನ್ನೆಲುಬು. ಕನ್ನಡದ ಅಭಿಮಾನಿ ಇದನ್ನು ರಾಜಿಯೆಂದು ಕರೆಯಬಹುದು. ಆದರೆ 2023ರ ಫೆಬ್ರವರಿಯ ಪ್ರಸಂಗ ಆ ತೀರ್ಪನ್ನು ತೊಡಕುಗೊಳಿಸುತ್ತದೆ. ರಾಷ್ಟ್ರಪತಿಯವರ ಭಾಷಣಕ್ಕೆ ವಂದನೆ ಸಲ್ಲಿಸುವ ನಿರ್ಣಯದ ಮೇಲೆ ಖರ್ಗೆ ಆಡಿದ ಮಾತುಗಳ ಕೆಲವು ಭಾಗಗಳನ್ನು ಕಡತದಿಂದ ತೆಗೆದುಹಾಕಲಾಯಿತು. ಅವರು ಅದನ್ನು ಸಭಾಪತಿಯವರ ಮುಂದೆ ಪ್ರತಿಭಟಿಸಿದರು.

ಆ ಕ್ರಮ ಸರಿಯೇ ತಪ್ಪೇ ಎಂಬುದು ಇಲ್ಲಿನ ಚರ್ಚೆಯಲ್ಲ. ಇಲ್ಲಿ ಮುಖ್ಯವಾದದ್ದು ಎರಡು ಪ್ರಸಂಗಗಳ ನಡುವಿನ ವೈದೃಶ್ಯ. ಪಟೇಲರ ಕನ್ನಡಕ್ಕೆ ಸ್ಥಾನ ಸಿಕ್ಕಿತು, ಖರ್ಗೆ ಅವರ ಹಿಂದಿಗೆ ಕತ್ತರಿ ಬಿತ್ತು. ಅರ್ಥವಾಗದ ಮಾತನ್ನು ಅಳಿಸಬೇಕಾದ ಅಗತ್ಯ ಯಾವ ಅಧಿಕಾರಕ್ಕೂ ಬರುವುದಿಲ್ಲ. ಅರ್ಥವಾದದ್ದರಿಂದಲೇ ಒಂದು ಮಾತು ಅಪಾಯಕಾರಿಯಾಗುತ್ತದೆ. ತಾಯ್ನುಡಿಯ ಸಂಸದೀಯ ಸನ್ಮಾನ ಎಷ್ಟೋ ಬಾರಿ ಅದು ನಿರಪಾಯಕಾರಿ ಎಂಬ ಭರವಸೆಯ ಮೇಲೆ ನಿಂತಿರುತ್ತದೆ. ಈ ಕಹಿಸತ್ಯವನ್ನು ಒಪ್ಪಿಕೊಳ್ಳದ ಭಾಷಾಭಿಮಾನ ಪ್ರಶ್ನೆಯ ಶತ್ರುವಾಗಬಲ್ಲದು.

4

ಹಾಗಾದರೆ ಕೇಳುವವನೂ ಉತ್ತರಿಸುವವನೂ ಒಂದೇ ತಾಯ್ನುಡಿಯವರಾಗಿರುವ ಸದನದಲ್ಲಿ ಸಮಸ್ಯೆ ಬಗೆಹರಿಯುತ್ತದೆಯೇ? ಕನ್ನಡ ಸಾಹಿತ್ಯ ಇದಕ್ಕೆ ಉತ್ತರ ನೀಡಿದೆ. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ 1978ರಲ್ಲಿ ಪ್ರಕಟವಾಯಿತು. ರೈತ ಹೋರಾಟದಿಂದ ಬೆಳೆದು ವಿರೋಧ ಪಕ್ಷದ ನಾಯಕನಾದ ಕೃಷ್ಣಪ್ಪಗೌಡ ಪಾರ್ಶ್ವವಾಯುವಿಗೆ ತುತ್ತಾಗಿ ಮಲಗಿ ತನ್ನ ಬದುಕನ್ನು ಹಿಂತಿರುಗಿ ನೋಡುವ ಕಥನವಿದು. ಆ ಪಾತ್ರದ ಹಿಂದೆ ಶಾಂತವೇರಿ ಗೋಪಾಲಗೌಡರ (1923–1972) ನೆರಳಿರುವುದು ಓದುಗರಿಗೆ ತಿಳಿದದ್ದೇ. 1951ರ ಕಾಗೋಡು ಸತ್ಯಾಗ್ರಹದ ಮುಂದಾಳಾಗಿದ್ದ ಗೋಪಾಲಗೌಡರು 1952ರಿಂದ ಮೂರು ಬಾರಿ ಮೈಸೂರು ವಿಧಾನಸಭೆಗೆ ಆಯ್ಕೆಯಾದರು. ಗೇಣಿದಾರನ ಮಾತನ್ನು ಶಾಸನಸಭೆಯ ಮಾತನ್ನಾಗಿಸಿದರು. ಕಾದಂಬರಿ ಅವರ ಜೀವನಚರಿತ್ರೆಯಲ್ಲ. ಆದರೆ ಅವರಂತಹವರು ಬೆಳೆಸಿದ ಪ್ರಶ್ನೆಯ ಪರಂಪರೆ ಮುಂದೆ ಎಲ್ಲಿ ಬಳಲಿತು ಎಂಬುದರ ಶೋಧನೆ.

ಕೃಷ್ಣಪ್ಪನಿಗೆ ಭಾಷೆಯ ತೊಡಕಿಲ್ಲ. ಅವನ ಪ್ರಶ್ನೆ ಸದನಕ್ಕೆ ಅರ್ಥವಾಗುತ್ತದೆ. ಅವನ ಸಂಕಟ ಬೇರೆ: ಯಾರನ್ನು ಪ್ರಶ್ನಿಸಬೇಕೋ ಅವರ ಲೋಕದೊಂದಿಗೆ ಅವನ ಬದುಕು ನಿಧಾನವಾಗಿ ಹೆಣೆದುಕೊಂಡಿದೆ. ಗುತ್ತಿಗೆದಾರ ವೀರಣ್ಣನ ಔದಾರ್ಯ, ಮುಖ್ಯಮಂತ್ರಿಯಾಗುವ ಸಾಧ್ಯತೆಯ ಸೆಳೆತ, ರೋಗಿಯ ದೇಹಕ್ಕೆ ಬೇಕಾದ ಸೌಕರ್ಯಗಳು, ಇವೆಲ್ಲವೂ ಆತ್ಮೀಯವಾದ ಕನ್ನಡದಲ್ಲಿಯೇ ಅವನ ಬಳಿ ಬರುತ್ತವೆ. ಅಧಿಕಾರ ಇಲ್ಲಿ ಪರಭಾಷೆಯ ದರ್ಪದ ಬದಲು ನಮ್ಮವನ ಸಲಿಗೆಯ ಮೂಲಕ ಮಾತನಾಡುತ್ತದೆ. ಮನೆಯೊಳಗೆ ಕೃಷ್ಣಪ್ಪ ತಾನೇ ದರ್ಪದ ಗಂಡನಾಗಿರುವುದನ್ನು ಕಾದಂಬರಿ ಮುಚ್ಚಿಡುವುದಿಲ್ಲ. ಸದನದಲ್ಲಿ ಸರ್ಕಾರವನ್ನು ಕೇಳುವವನು ಮನೆಯಲ್ಲಿ ಹೆಂಡತಿಯಿಂದ ಬಯಸುವುದು ತನ್ನ ಮಾತು ಕೇಳಬೇಕೆಂಬುದನ್ನೇ. ‘ಕೇಳು’ ಪದದ ಮೊದಲ ಅರ್ಥ ಮತ್ತು ಮೂರನೆಯ ಅರ್ಥಗಳ ನಡುವೆ ಸೀಳಿಹೋದ ಮನುಷ್ಯ ಅವನು.

‘ಅವಸ್ಥೆ’ಯ ವಿಮರ್ಶೆ ಬಹುಮಟ್ಟಿಗೆ ಆದರ್ಶದ ಪತನ, ಶುದ್ಧತೆ ಮತ್ತು ರಾಜಕಾರಣದ ಘರ್ಷಣೆ ಎಂಬ ನೆಲೆಗಳಲ್ಲಿ ನಡೆದಿದೆ. ಅದು ಸರಿಯೇ. ಆದರೆ ಈ ಲೇಖನದ ದೃಷ್ಟಿಯಿಂದ ಕಾದಂಬರಿಯ ಮಹತ್ವ ಇನ್ನೊಂದು ಬಗೆಯದು. ಭಾಷೆಯ ಅಡ್ಡಿ ಇಲ್ಲವಾದ ಮಾತ್ರಕ್ಕೆ ಪ್ರಶ್ನೆ ಹುಟ್ಟುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಪ್ರಶ್ನೆಗೆ ಭಾಷೆಯಷ್ಟೇ ದೂರವೂ ಬೇಕು. ದೂರ ಅತಿಯಾದರೆ ಮಾತು ಕೇಳಿಸದು, ಪಟೇಲರಿಗಾದಂತೆ. ದೂರ ಇಲ್ಲವಾದರೆ ಪ್ರಶ್ನೆ ನಾಲಗೆಯ ಮೇಲೆಯೇ ಕರಗುತ್ತದೆ, ಕೃಷ್ಣಪ್ಪನಿಗಾದಂತೆ. ಅಲ್ಪಸಂಖ್ಯಾತ ಭಾಷಿಕನ ಸ್ಥಾನವನ್ನು ಕೊರತೆಯೆಂದಷ್ಟೇ ಭಾವಿಸುವವರು ಈ ಎರಡನೆಯ ಅಪಾಯವನ್ನೂ ನೆನಪಿಡಬೇಕು.

5

ಈ ಹಿನ್ನೆಲೆಯಲ್ಲಿ ಕಂಬಂ ಕಣಿವೆಯನ್ನು ನೋಡಬೇಕು. ತೇನಿ ಮತ್ತು ದಿಂಡುಗಲ್ ಜಿಲ್ಲೆಗಳ ಕಪ್ಪಿಲಿಯರು ಮತ್ತು ಅನುಪ್ಪರು ಕನ್ನಡ ಮೂಲದ ಕೃಷಿಕ ಸಮುದಾಯಗಳು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಕೋಶದಲ್ಲಿಯೇ ಈ ಇಬ್ಬರನ್ನೂ ಕನ್ನಡ ಮಾತನಾಡುವ ಬೇಸಾಯಗಾರರೆಂದು ದಾಖಲಿಸಲಾಗಿದೆ. ಕಂಬಂನ ಕಪ್ಪಿಲಿಯರು ದೇವರಿಗೆ ಬಿಟ್ಟ ದನಗಳ ಹಿಂಡೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ. ತಮಿಳಿನಲ್ಲಿ ಅದು ‘ತಂಬಿರಾನ್ ಮಾಡು’. ಹಿಂಡಿನ ಮುಖ್ಯ ಗೂಳಿಗೆ ಹಳೆಯ ದಾಖಲೆಗಳಲ್ಲಿರುವ ಹೆಸರು ‘ಪಟ್ಟದ ಆವು’. ಕರ್ನಾಟಕದ ಆಡುನುಡಿಯಲ್ಲಿ ಬಹುಮಟ್ಟಿಗೆ ಮರೆಯಾದ, ಹಳಗನ್ನಡದ ಓದುಗರಿಗೆ ಮಾತ್ರ ಪರಿಚಿತವಾದ ‘ಆವು’ ಎಂಬ ಪದ ಇಲ್ಲಿ ಆಚರಣೆಯ ಆಸರೆಯಲ್ಲಿ ಬದುಕಿತು. ಭಾಷಾವಿಜ್ಞಾನಿಗೆ ಇದು ಸಂಭ್ರಮದ ವಿಷಯ. ಆದರೆ ಈ ಸಂಭ್ರಮದಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ದೇವರೊಂದಿಗೆ, ದನದೊಂದಿಗೆ, ಮಗುವಿನೊಂದಿಗೆ, ಸತ್ತವರೊಂದಿಗೆ ಆಡುವ ಮಾತಾಗಿ ಇಲ್ಲಿನ ಕನ್ನಡ ಉಳಿದಿದೆ. ತಹಶೀಲ್ದಾರನೊಂದಿಗೆ ಆಡುವ ಮಾತಾಗಿ ಉಳಿದಿಲ್ಲ.

ಇದನ್ನು ಸರಳವಾದ ದುರಂತಕಥೆಯನ್ನಾಗಿ ಹೇಳುವುದು ಅಪ್ರಾಮಾಣಿಕ. ಮುಲ್ಲಪೆರಿಯಾರ್ ಅಣೆಕಟ್ಟಿನ ವಿವಾದ ಅದಕ್ಕೆ ನಿದರ್ಶನ. 1895ರಿಂದ ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನದಿಯ ನೀರು ಸುರಂಗದ ಮೂಲಕ ಈ ಕಣಿವೆಗೆ ಬರುತ್ತಿದೆ. ಇಲ್ಲಿನ ಗದ್ದೆ, ತೋಟ, ದ್ರಾಕ್ಷಿ ಬಳ್ಳಿಗಳೆಲ್ಲ ಆ ನೀರಿನ ಋಣದಲ್ಲಿವೆ. 2011ರ ಡಿಸೆಂಬರಿನಲ್ಲಿ ಅಣೆಕಟ್ಟಿನ ಭವಿಷ್ಯ ಅನಿಶ್ಚಿತವೆನಿಸಿದಾಗ ಕಣಿವೆಯ ಸಾವಿರಾರು ಜನ ಕುಮಿಳಿ ಗಡಿಯತ್ತ ಮೆರವಣಿಗೆ ಹೊರಟರು. ಅದು ಸರ್ಕಾರಗಳನ್ನು ಕುರಿತ ದೊಡ್ಡ ಪ್ರಶ್ನೆ. ಅದರ ಭಾಷೆ ತಮಿಳು. ಆ ಪ್ರಶ್ನೆಗೆ ಬಲ ಬಂದದ್ದು ಮನೆಮಾತು ಯಾವುದೇ ಇರಲಿ, ನೆರೆಹೊರೆಯವರೆಲ್ಲರೂ ಒಂದೇ ಭಾಷೆಯಲ್ಲಿ ಕೇಳಿದ್ದರಿಂದ. ಖರ್ಗೆ ಅವರ ಹಿಂದಿಗೂ ಕಣಿವೆಯ ರೈತನ ತಮಿಳಿಗೂ ಇರುವ ತರ್ಕ ಒಂದೇ: ಉತ್ತರಿಸಬೇಕಾದವನ ಕಿವಿಗೆ ಬೀಳುವ ಭಾಷೆಯಲ್ಲಿ ಕೇಳುವುದು. ಕಂಬಂನ ಕನ್ನಡಿಗನಿಗೆ ತಮಿಳು ಅಪಮಾನದ ಭಾಷೆಯಲ್ಲ; ಅದು ಅವನ ಸಾರ್ವಜನಿಕ ಕಂಠ.

ಹಾಗಾದರೆ ಅವನ ಕನ್ನಡ ಯಾವ ಪ್ರಶ್ನೆಗೆ ಬೇಕು? ನೀರಿನ ಪ್ರಶ್ನೆ ಎಲ್ಲರದು; ಅದನ್ನು ಎಲ್ಲರ ಭಾಷೆಯಲ್ಲಿ ಕೇಳಬಹುದು. ಆದರೆ ಮನೆಮಾತಿನ ಕುರಿತ ಪ್ರಶ್ನೆಯನ್ನು ಬೇರೆ ಯಾರೂ ಅವನ ಪರವಾಗಿ ಕೇಳುವುದಿಲ್ಲ. ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ನೀಡುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಬಗ್ಗೆಯೂ, 350ಬಿ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಬಗ್ಗೆಯೂ ಹೇಳುತ್ತವೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ತಾಯ್ನುಡಿಯ ಬೋಧನೆ, ಜನಸಂಖ್ಯೆಯ ಶೇ. 15ರಷ್ಟು ಭಾಷಿಕರಿರುವ ಪ್ರದೇಶದಲ್ಲಿ ಮುಖ್ಯ ಪ್ರಕಟಣೆಗಳ ಅನುವಾದ ಎಂಬ ಮಾನದಂಡಗಳೂ ಇವೆ. ಮೇಲ್ನೋಟಕ್ಕೆ 120ನೆಯ ವಿಧಿಗಿಂತ 350ನೆಯದು ಉದಾರವಾದದ್ದು; ಅಸಾಮರ್ಥ್ಯದ ಷರತ್ತು ಅದರಲ್ಲಿಲ್ಲ. ಆದರೆ ಮನವಿ ಎಂದರೆ ಬರಹ. ಬರಹ ಎಂದರೆ ಲಿಪಿ. ಲಿಪಿ ಎಂದರೆ ಶಾಲೆ. ಕನ್ನಡ ಶಾಲೆ ಬೇಕೆಂದು ಕನ್ನಡದಲ್ಲಿ ಮನವಿ ಬರೆಯಲು ಮೊದಲು ಕನ್ನಡ ಶಾಲೆ ಇರಬೇಕು. ಹಕ್ಕು ಒಂದು ವೃತ್ತದೊಳಗೆ ಸಿಕ್ಕಿಕೊಂಡಿದೆ.

ಈ ವಿಷಯದಲ್ಲಿ ಕಾಸರಗೋಡಿಗೂ ಕಂಬಂಗೂ ಇರುವ ಭೇದ ಮುಖ್ಯವಾದದ್ದು. ಕಾಸರಗೋಡಿನಲ್ಲಿ ಕನ್ನಡ ಶಾಲೆಗಳಿವೆ, ಪತ್ರಿಕೆಗಳಿವೆ, ಬರೆಯಬಲ್ಲ ತಲೆಮಾರುಗಳಿವೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿಯೇ ಪ್ರಮಾಣವಚನ ಸ್ವೀಕರಿಸಿದರು. 2024ರಲ್ಲಿ ಕೃಷ್ಣಗಿರಿಯ ಸಂಸದ ಕೆ. ಗೋಪಿನಾಥ್ ಲೋಕಸಭೆಯಲ್ಲಿ ತೆಲುಗಿನಲ್ಲಿ ಪ್ರಮಾಣ ಮಾಡಿದರು. ಇಂತಹ ಕ್ಷಣಗಳು ಅಲ್ಪಸಂಖ್ಯಾತರಿಗೆ ಕೊಡುವ ಧೈರ್ಯವನ್ನು ಲಘುವಾಗಿ ಕಾಣಬಾರದು. ಆದರೂ ಪ್ರಮಾಣವಚನ ಪ್ರಶ್ನೆಯಲ್ಲ. ಅದರ ಪಠ್ಯ ಮೊದಲೇ ನಿಗದಿಯಾಗಿರುತ್ತದೆ. ಸದನಕ್ಕೆ ಭಾಷೆ ತಿಳಿಯದಿದ್ದರೂ ಹೇಳುತ್ತಿರುವುದೇನೆಂಬುದು ತಿಳಿದಿರುತ್ತದೆ. ಯಾರೂ ಉತ್ತರ ಕೊಡಬೇಕಾಗಿಲ್ಲ. ಸಂಸದೀಯ ಪ್ರಶ್ನೆಯ ಪ್ರಾಣವಿರುವುದು ಮುಂದಾಗಿ ಲಿಖಿತ ಸೂಚನೆ ಕೊಟ್ಟ ಮೂಲಪ್ರಶ್ನೆಗಿಂತ ಹೆಚ್ಚಾಗಿ, ಸಚಿವರ ಉತ್ತರ ಕೇಳಿದ ಕೂಡಲೇ ಎದ್ದು ಹಾಕುವ ಉಪಪ್ರಶ್ನೆಯಲ್ಲಿ. ಅದಕ್ಕೆ ಸಿದ್ಧಪಠ್ಯವಿಲ್ಲ. ತಾಯ್ನುಡಿ ಸದನವನ್ನು ಪ್ರವೇಶಿಸಿತೇ ಎಂಬುದನ್ನು ಪ್ರಮಾಣವಚನದಿಂದ ಅಳೆಯುವ ಬದಲು ಉಪಪ್ರಶ್ನೆಯಿಂದ ಅಳೆಯುವುದಾದರೆ ಭಾಷಾ ಸಮಾನತೆಯ ಲೆಕ್ಕ ತಲೆಕೆಳಗಾಗುತ್ತದೆ.

6

ಇಷ್ಟರಿಂದ ಹೊರಡುವ ನಿರ್ಣಯ ಭಾಷಾಭಿಮಾನಿಗೂ ವಾಸ್ತವವಾದಿಗೂ ಪೂರ್ತಿ ರುಚಿಸದು. ತಾಯ್ನುಡಿಯಲ್ಲಿ ಮಾತನಾಡಿದರೆ ಸಾಕು ಎಂಬ ನಿಲುವು ಪ್ರಶ್ನೆಯನ್ನು ಅಲಂಕಾರವಾಗಿಸುತ್ತದೆ. ಅಧಿಕಾರದ ಭಾಷೆಯಲ್ಲಿ ಮಾತನಾಡಿದರೆ ಸಾಕು ಎಂಬ ನಿಲುವು ಕೆಲವು ಪ್ರಶ್ನೆಗಳನ್ನು ಹುಟ್ಟುವ ಮೊದಲೇ ಕೊಲ್ಲುತ್ತದೆ. 1967ರಲ್ಲಿ ಪಟೇಲರು ಎತ್ತಿದ ಸವಾಲು ಮುಗಿಯಬೇಕಾದರೆ ಹೊಣೆ ಕೇಳುವವನಿಂದ ಕೇಳಿಸಿಕೊಳ್ಳುವವನ ಕಡೆಗೆ ಸರಿಯಬೇಕು. ಭಾಷಾಂತರದ ವ್ಯವಸ್ಥೆ ಸದಸ್ಯನಿಗೆ ಮಾಡುವ ಉಪಕಾರವಲ್ಲ, ಉತ್ತರಿಸಬೇಕಾದ ಸರ್ಕಾರ ತೀರಿಸಬೇಕಾದ ಸಾಲ. ಮೂಲಭಾಷೆಯ ಮಾತು ಮೂಲಭಾಷೆಯಲ್ಲಿಯೇ ಕಡತದಲ್ಲಿ ಉಳಿಯಬೇಕು. ದಕ್ಷಿಣದ ಶಾಸನಸಭೆಗಳು ದೆಹಲಿಯ ಮುಂದೆ ಬೇಡುವ ಆಲಿಕೆಯನ್ನು ತಮ್ಮ ಒಳಗಿನ ಅಲ್ಪಸಂಖ್ಯಾತ ಭಾಷೆಗಳಿಗೆ ತಾವು ಎಷ್ಟು ಕೊಟ್ಟಿದ್ದೇವೆ ಎಂದೂ ಕೇಳಿಕೊಳ್ಳಬೇಕು. ಕರ್ನಾಟಕಕ್ಕೂ ಇದರಿಂದ ವಿನಾಯಿತಿ ಇಲ್ಲ. ತುಳು, ಕೊಡವ, ಲಂಬಾಣಿ ನುಡಿಗಳ ಪ್ರಶ್ನೆಗೆ ಬೆಂಗಳೂರಿನ ಸದನದ ಕಿವಿ ಎಷ್ಟು ತೆರೆದಿದೆ ಎಂಬುದು ಕಂಬಂನ ಕನ್ನಡಕ್ಕೆ ಚೆನ್ನೈ ಎಷ್ಟು ಕಿವಿಗೊಟ್ಟಿದೆ ಎಂಬ ಪ್ರಶ್ನೆಯ ಅವಳಿ.

ಸಂಶೋಧನೆಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಗಡಿಯಾಚೆಯ ಕನ್ನಡವನ್ನು ಅರಸಿ ಹೋದ ಕ್ಷೇತ್ರಕಾರ್ಯ ಸಾಮಾನ್ಯವಾಗಿ ತರುವುದು ಸೋಬಾನೆ, ಜೋಗುಳ, ಗಾದೆ, ಒಗಟು, ಬಂಧುವಾಚಕ, ವಲಸೆಯ ಐತಿಹ್ಯ. ಬೆಲೆಯುಳ್ಳ ಸಂಗ್ರಹವೇ ಇದು. ‘ಪಟ್ಟದ ಆವು’ ನಮಗೆ ದಕ್ಕಿದ್ದು ಇಂತಹ ಆಸಕ್ತಿಯಿಂದಲೇ. ಆದರೆ ಆ ಪೆಟ್ಟಿಗೆಯಲ್ಲಿ ಜಗಳವಿಲ್ಲ, ದೂರಿಲ್ಲ, ಲೆಕ್ಕ ಕೇಳುವ ಮಾತಿಲ್ಲ. ನೀರಿನ ಸರದಿ ತಪ್ಪಿದಾಗ ಕಂಬಂ ಕನ್ನಡದಲ್ಲಿ ಹೇಗೆ ಆಕ್ಷೇಪಿಸುತ್ತಾರೆ? ಕುಲಕೂಟದ ಹಿರಿಯನ ತೀರ್ಪನ್ನು ಒಬ್ಬ ಹೆಣ್ಣುಮಗಳು ಯಾವ ವಾಕ್ಯರಚನೆಯಲ್ಲಿ ಪ್ರಶ್ನಿಸುತ್ತಾಳೆ? ವಾದ ಬಿಸಿಯೇರಿದಾಗ ಯಾವ ಪದದಲ್ಲಿ ಕನ್ನಡ ತಮಿಳಿಗೆ ಹೊರಳುತ್ತದೆ, ಮತ್ತೆ ಯಾವಾಗ ಹಿಂದಿರುಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಸಂಗ್ರಹ ಸಿದ್ಧವಾದರೆ, ಕಣಿವೆಯ ಮನೆಮಾತನ್ನು ಹರಸುವ ಮತ್ತು ಹಾಡುವ ನುಡಿಯಾಗಿ ಮಾತ್ರ ಕಾಣುವ ರೂಢಿ ಮುರಿಯುತ್ತದೆ. ಹಾಡುವ ಭಾಷೆಯನ್ನು ಸರ್ಕಾರಗಳು ಸಂತೋಷದಿಂದ ಸನ್ಮಾನಿಸುತ್ತವೆ. ಲೆಕ್ಕ ಕೇಳುವ ಭಾಷೆಗೆ ಉತ್ತರ ಕೊಡಬೇಕಾಗುತ್ತದೆ.

ಪಟೇಲರನ್ನು ನೆನೆಯುವ ಮುಂದಿನ ಬರಹ ಅವರು ಯಾವ ಭಾಷೆಯಲ್ಲಿ ಮಾತನಾಡಿದರು ಎಂಬಲ್ಲಿಗೆ ನಿಲ್ಲದೆ, ಯಾರನ್ನು ಏನು ಕೇಳಿದರು ಎಂಬುದರಿಂದ ಆರಂಭವಾಗಬೇಕು. ಕಂಬಂ ಕನ್ನಡದ ಮುಂದಿನ ಅಧ್ಯಯನ ಎಷ್ಟು ಹಳೆಯ ಪದಗಳು ಉಳಿದಿವೆ ಎಂಬುದರ ಜೊತೆಗೆ, ಆ ನುಡಿಯಲ್ಲಿ ಇಂದು ಯಾರನ್ನು ಕೇಳಲು ಸಾಧ್ಯ, ಯಾರನ್ನು ಅಸಾಧ್ಯ ಎಂಬುದನ್ನೂ ದಾಖಲಿಸಬೇಕು.